ಅರವತ್ತರ ಯಾತ್ರೆ: ನೀರಿನ ಮೇಲೋ, ನೆಲದ ಮೇಲೋ

2025ರ ಏಪ್ರಿಲ್ ತಿಂಗಳಲ್ಲಿ ಧಾರವಾಡದ ನಮ್ಮ ಮನೆಯಲ್ಲೊಂದು ಚರ್ಚೆ ಎದ್ದಿತು. ಪ್ರಾಥಮಿಕ ಶಾಲೆಯ ಮಾಸ್ತರರಾದ ಅಪ್ಪನಿಗೆ ಅರವತ್ತು ತುಂಬುವುದರಲ್ಲಿತ್ತು. ನಿವೃತ್ತಿಯೂ ಅದೇ ಹೊತ್ತಿಗೆ. ಬೆಂಗಳೂರಿನಲ್ಲಿರುವ ಅಕ್ಕ ಅಪ್ಪ-ಅವ್ವರನ್ನು ಮುಂಬಯಿಯಿಂದ ಹೊರಡುವ ವಿಹಾರದ ಹಡಗಿನಲ್ಲಿ ಕೂರಿಸಬೇಕೆಂದು ಹಟ ಹಿಡಿದಿದ್ದಳು. ಅಪ್ಪನ ಮನಸ್ಸು ಕಾಶಿಯ ಕಡೆಗಿತ್ತು. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

'ಆ ಹಡಗ ಎಲ್ಲಿಗೆ ಹೋಗ್ತದ?'

'ಎಲ್ಲಿಗೂ ಇಲ್ಲವಾ. ಎರಡ ರಾತ್ರಿ ಸಮುದ್ರದಾಗ ತಿರಗಿ ಮತ್ತ ಮುಂಬಯಿಗೇ ಬರ್ತದ.'

'ಹಂಗಾದ್ರ ಹೋಗೂದ್ಯಾಕ?'

ಅಕ್ಕನ ಬಳಿ ಉತ್ತರವಿರಲಿಲ್ಲ. ವರದಿಗಾರಿಕೆಯ ಚಟ ನನ್ನನ್ನು ಬಿಡಲಿಲ್ಲ. ಅರವತ್ತಾದವರು ಯಾತ್ರೆ ಹೊರಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಜನ ಸಮುದ್ರವನ್ನು ಪರಕೀಯವೆಂದು ಭಾವಿಸತೊಡಗಿದ್ದು ಯಾವಾಗ ಎಂಬುದನ್ನು ಹುಡುಕುತ್ತ ಹೋದೆ. ಉತ್ತರ ನಾನು ಎಣಿಸಿದಷ್ಟು ಹಳೆಯದಾಗಿರಲಿಲ್ಲ.

ಮೊದಲು ಅರವತ್ತರ ಮಾತು. ನಮ್ಮ ಪಂಚಾಂಗದಲ್ಲಿ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರಗಳಿವೆ. ಒಂದು ಸುತ್ತು ಮುಗಿದಾಗ ಹುಟ್ಟಿದ ಸಂವತ್ಸರವೇ ತಿರುಗಿ ಬರುತ್ತದೆ. 2025ರ ಯುಗಾದಿಗೆ ಕಾಲಿಟ್ಟ ವಿಶ್ವಾವಸು ಅದಕ್ಕೆ ಮೊದಲು ಬಂದಿದ್ದು 1965ರಲ್ಲಿ. ಅರವತ್ತು ಎಂಬುದು ದುಂಡು ಸಂಖ್ಯೆಯಾಗಿ ಅಲ್ಲ, ಹೀಗೆ ಪೂರ್ತಿಯಾದ ಒಂದು ಸುತ್ತಾಗಿ ನಮ್ಮವರಿಗೆ ಮುಖ್ಯವಾಯಿತು. ಅರವತ್ತಕ್ಕೆ ಉಗ್ರರಥ ಶಾಂತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಅದರಾಚೆ ಸಹಸ್ರ ಚಂದ್ರದರ್ಶನ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ಕಾಣಲು 80 ವರ್ಷ 10 ತಿಂಗಳ ಆಸುಪಾಸು ಬದುಕಬೇಕು. ಹೋಮ-ಹವನದ ರೂಢಿ ಇಲ್ಲದ ಮನೆಗಳಲ್ಲಿ ಸ್ವಾಮಿಗಳನ್ನು ಬರಮಾಡಿಕೊಂಡು ಪಾದಪೂಜೆ, ಊಟ ಇಟ್ಟುಕೊಳ್ಳುವುದುಂಟು.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಷಷ್ಟ್ಯಬ್ದಿ ನಡೆಯುವುದು ಗಂಡನ ಅರವತ್ತಕ್ಕೆ. ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ, ಮತ್ತೊಮ್ಮೆ ತಾಳಿ ಕಟ್ಟಿಸಿಕೊಳ್ಳುತ್ತಾಳೆ. ಆಕೆಯದೇ ಅರವತ್ತು ಬಂದಾಗ ಪುರೋಹಿತರ ಪುಸ್ತಕದಲ್ಲಿ ಅಂಥ ಸಡಗರವಿಲ್ಲ. ಗಂಡ ಇಲ್ಲದವಳಿಗಂತೂ ಅರವತ್ತು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ.

ಇನ್ನು ಹುಟ್ಟಿದ ದಿನದ ಸಮಾಚಾರ. ನಮ್ಮ ಕಡೆಯ ಹಿರಿಯರ ಶಾಲಾ ದಾಖಲೆ ತೆಗೆದು ನೋಡಿದರೆ ಊರಿಗೆ ಊರೇ ಜೂನ್ 1ರಂದು ಹುಟ್ಟಿದಂತೆ ಕಾಣುತ್ತದೆ. ಶಾಲೆ ಸುರುವಾಗುವುದು ಜೂನ್‌ನಲ್ಲಿ. ಕೈಹಿಡಿದು ಕರೆತಂದವರಿಗೆ ತಾರೀಖು ಗೊತ್ತಿಲ್ಲ. ಮಾಸ್ತರರು ವಯಸ್ಸಿಗೆ ಹೊಂದುವ ಒಂದು ಇಸವಿ ಹಿಡಿದು 1-6 ಎಂದು ಬರೆದುಬಿಡುತ್ತಿದ್ದರು. ಅಪ್ಪನ ದಾಖಲೆಯಲ್ಲೂ 1-6-1965. ಮುಂದೆ ತಾವೇ ಮಾಸ್ತರರಾದ ಮೇಲೆ ಎಷ್ಟೋ ಮಕ್ಕಳಿಗೆ ಅದೇ ತಾರೀಖು ದಯಪಾಲಿಸಿದ್ದಾಗಿ ಅವರೇ ಒಪ್ಪುತ್ತಾರೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 2008ರಲ್ಲಿ. ತಿಂಗಳ ಒಂದನೆಯ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗಾಗಿ ಪ್ರತಿ ವರ್ಷ ಮೇ 31ರಂದು ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ಹಾರ-ಶಾಲುಗಳ ಸುಗ್ಗಿ. ಅರವತ್ತು, ಬಿಡುವು, ಕೈಯಲ್ಲಿ ಒಂದಿಷ್ಟು ಗಂಟು - ಮೂರೂ ಒಂದೇ ವಾರದಲ್ಲಿ ಕೂಡುತ್ತವೆ.

ಹಿಂದೆ ಆ ಬಿಡುವು ಎಂದರೆ ಯಾತ್ರೆ. ಯಾತ್ರೆ ಎಂದರೆ ನೆಲ. ಉಳವಿಗೆ ಚಕ್ಕಡಿ ಕಟ್ಟಿಕೊಂಡು, ಪಂಢರಪುರಕ್ಕೆ ದಿಂಡಿಯೊಂದಿಗೆ ನಡೆದು, ಶ್ರೀಶೈಲಕ್ಕೆ, ಎಲ್ಲಕ್ಕಿಂತ ದೂರದ ಕಾಶಿಗೆ. ರೈಲು ಬರುವ ಮೊದಲು ಕಾಶಿಗೆ ಹೊರಟವರು ಆಸ್ತಿಪಾಸ್ತಿಯ ಮಾತು ಮುಗಿಸಿ, ಬಂದರೆ ಬಂದೆವು ಎಂದು ಹೇಳಿಯೇ ಹೊಸ್ತಿಲು ದಾಟುತ್ತಿದ್ದರು. ತಿರುಗಿ ಬಂದವರು ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆ ತಂದು ಗಂಗಾ ಸಮಾರಾಧನೆ ಮಾಡಿ ಊರಿಗೆ ಉಣಿಸುತ್ತಿದ್ದರು. ಸಮುದ್ರಕ್ಕೂ ಈ ಯಾತ್ರೆಯಲ್ಲಿ ಜಾಗವಿತ್ತು. ರಾಮೇಶ್ವರದ ಮರಳನ್ನು ಪ್ರಯಾಗದ ಗಂಗೆಗೆ, ಗಂಗೆಯ ನೀರನ್ನು ರಾಮೇಶ್ವರಕ್ಕೆ ಒಯ್ಯಬೇಕು. ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಬೇಕು. ಆದರೆ ಸಮುದ್ರ ಇದ್ದದ್ದು ಮೀಯುವುದಕ್ಕೆ, ಏರಿ ಹೋಗುವುದಕ್ಕಲ್ಲ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿಸುವ ಕೆಲಸಗಳ ಸಾಲಿನಲ್ಲಿ ಸೇರಿಸಿದೆ.

ನಮ್ಮವರು ಸಮುದ್ರಕ್ಕೆ ಹೆದರಿದ್ದು ಈ ನಿಷೇಧದಿಂದಲೇ ಎಂದು ಹೇಳಿಬಿಡುವುದು ಸುಲಭ. ನಾನೂ ಮೊದಲು ಹಾಗೇ ತಿಳಿದಿದ್ದೆ. ಆದರೆ ಹುಬ್ಬಳ್ಳಿಯಿಂದ ಅರ್ಧ ದಿನದೊಳಗೆ ತಲುಪಬಹುದಾದ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಈ ಮಾತನ್ನು ಸುಳ್ಳಾಗಿಸುತ್ತಾರೆ. ಈ ವರ್ತಕರ ಸಂಘವನ್ನು ಹೊಗಳುವ ಶಿಕಾರಿಪುರ ಭಾಗದ ಶಾಸನವೊಂದು ಅವರು ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ದೇಶದೇಶ ಹೊಕ್ಕವರೆಂದು ಹೇಳುತ್ತದೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಇವರ ಹೆಸರಿರುವ 1088ನೇ ಇಸವಿಯ ತಮಿಳು ಶಾಸನ ಸಿಕ್ಕಿದೆ. ಸೂತ್ರ ಪುಸ್ತಕದಲ್ಲಿತ್ತು, ಸರಕು ಹಡಗಿನಲ್ಲಿತ್ತು.

ಅಷ್ಟು ಹಿಂದೆ ಹೋಗುವುದೂ ಬೇಕಿಲ್ಲ. ಈಗ್ಗೆ ನೂರೈವತ್ತು ವರ್ಷಗಳ ಹಿಂದೆ ಧಾರವಾಡದ ಹೆದ್ದಾರಿಯೇ ಸಮುದ್ರವಾಗಿತ್ತು. ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದ್ದು. ಮುಂಬಯಿಗೆ ಬೆಳಗಾವಿ, ಪುಣೆಯ ಮೇಲೆ ನೆಲದ ದಾರಿ ಇತ್ತಾದರೂ ಭಾರದ ಸರಕೆಲ್ಲ ಘಟ್ಟ ಇಳಿದು ಕರಾವಳಿಗೆ ಹೋಗುತ್ತಿತ್ತು. ಯಲ್ಲಾಪುರದ ಆಚೆ ಅರಬೈಲು ಘಟ್ಟ, ಶಿರಸಿಯ ಆಚೆ ದೇವಿಮನೆ ಘಟ್ಟ. ಹತ್ತಿ ಹೇರಿದ ಗಾಡಿಗಳು ಕೆಳಗಿಳಿದು ಕುಮಟಾ ಬಂದರಿಗೆ ಮುಟ್ಟುತ್ತಿದ್ದವು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ. ಇದಕ್ಕೊಂದು ಗುರುತು ಮಾರುಕಟ್ಟೆಯಲ್ಲೇ ಉಳಿಯಿತು: ಹುಬ್ಬಳ್ಳಿ, ಗದಗ ಭಾಗದ ಎರೆಹೊಲಗಳಲ್ಲಿ ಬೆಳೆದ ಹತ್ತಿಗೆ ವ್ಯಾಪಾರಸ್ಥರು ಇಟ್ಟ ಹೆಸರು 'ಕುಮಟಾ ಹತ್ತಿ'. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಲಂಕಾಷೈರ್‌ನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡದ ಹತ್ತಿಗೆ ಬೆಲೆ ಬಂತು. ಅದನ್ನು ಸಾಗಿಸಲು ಕಾರವಾರದಲ್ಲಿ ದೊಡ್ಡ ಬಂದರು ಬೇಕೆನಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವೂ ಇತ್ತು. ಕಾರವಾರಕ್ಕೆ ಮುಂಬಯಿಯಿಂದ ಸ್ಟೀಮರು ಬರತೊಡಗಿತು. ಆಗಿನ ಕಾಲದ ಒಬ್ಬ ಹುಬ್ಬಳ್ಳಿಯವನಿಗೆ 'ಮುಂಬಯಿಗೆ ನೀರಿನ ಮೇಲೆ ಹೋಗುತ್ತೀಯೋ ನೆಲದ ಮೇಲೋ' ಎಂದು ಕೇಳಿದ್ದರೆ ಅದು ಧರ್ಮಸಂಕಟದ ಪ್ರಶ್ನೆಯಾಗುತ್ತಿರಲಿಲ್ಲ. ಯಾವ ತಿಂಗಳು ಎಂದು ಅವನು ತಿರುಗಿ ಕೇಳುತ್ತಿದ್ದ, ಅಷ್ಟೆ. ಮಳೆಗಾಲದಲ್ಲಿ ಬಂದರು ಮುಚ್ಚುತ್ತಿತ್ತು.

ಇದನ್ನು ಬದಲಿಸಿದ್ದು ಶಾಸ್ತ್ರವಲ್ಲ, ರೈಲು. 1876-78ರ ಬರ ಧಾರವಾಡ, ವಿಜಾಪುರ ಸೀಮೆಗಳನ್ನು ಹಿಂಡಿದಾಗ ಕಾಳು ಸಾಗಿಸಲು ರೈಲುದಾರಿ ಬೇಕೆಂಬ ಒತ್ತಾಯ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕ ಮುಗಿಯುವುದರೊಳಗೆ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ಹಳಿಗೆ ಬಂದವು. ಕ್ಯಾಸಲ್‌ರಾಕ್ ಮೇಲೆ ಪೋರ್ಚುಗೀಸರ ಮರ್ಮಗೋವಾ ಬಂದರಿಗೂ ಕೂಡಿಕೆಯಾಯಿತು. 1885ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ತೆರೆಯಿತು. ಕಾರವಾರದ ರೈಲು ಮಾತ್ರ ಕಾಗದದ ಮೇಲೇ ಉಳಿಯಿತು. ಹತ್ತಿ ಕುಮಟಾ ಮರೆತು ರೈಲು ಹತ್ತಿತು, ಹತ್ತಿಯ ಹಿಂದೆ ಜನ. ಸುಮಾರು 160 ಕಿಲೋಮೀಟರ್ ದೂರದ ಸಮುದ್ರ ನಮ್ಮ ಪಾಲಿಗೆ ದಾರಿಯಾಗಿದ್ದುದು ನೋಡಿ ಬರುವ ವಸ್ತುವಾಯಿತು. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗಕ್ಕೆ 1990ರ ದಶಕದಲ್ಲಿ ಮಂಜೂರಾತಿ ಸಿಕ್ಕಿತು. ಮುಂದಿನ ವರ್ಷಗಳನ್ನು ಅದು ಅರಣ್ಯದ ಅನುಮತಿಯ ಕಡತಗಳಲ್ಲಿ, ಕೋರ್ಟುಗಳಲ್ಲಿ ಕಳೆಯಿತು.

ಹುಬ್ಬಳ್ಳಿ ಎಷ್ಟರಮಟ್ಟಿಗೆ ರೈಲಿನ ಊರಾಯಿತೆಂದರೆ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಗೇ ಬಂತು. 2023ರಲ್ಲಿ ಸಿದ್ಧಾರೂಢಸ್ವಾಮಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದವಾದುದೆಂದು ಹೆಸರಾಯಿತು. ರೈಲ್ವೆಯಿಂದ ನಿವೃತ್ತರಾದವರಿಗೆ ಪಾಸು ಸಿಗುತ್ತದೆ. ಗಂಡ-ಹೆಂಡತಿ ಟಿಕೇಟಿನ ಖರ್ಚಿಲ್ಲದೆ ಕಾಶಿಗೆ ಹೋಗಿ ಬರಬಹುದಾದ ಊರಿನಲ್ಲಿ ಹಡಗಿಗೆ ದುಡ್ಡು ಕೊಡುವವರು ಯಾರು? ನಮ್ಮ ಓಣಿಯಲ್ಲಿ ಅರವತ್ತಾದವರೆಲ್ಲ ಉತ್ತರಕ್ಕೆ ಮುಖ ಮಾಡಿದ್ದರ ಹಿಂದೆ ಭಕ್ತಿಯಷ್ಟೇ ಈ ಪಾಸಿನ ಪ್ರಭಾವವೂ ಇದೆ ಎಂದು ನನ್ನ ಅಂದಾಜು. ಉಳಿದವರ ನೆರವಿಗೆ 2022ರಲ್ಲಿ ರಾಜ್ಯ ಸರ್ಕಾರದ ಕಾಶಿ ಯಾತ್ರೆಯ ಐದು ಸಾವಿರ ರೂಪಾಯಿ ಸಹಾಯಧನವೂ ಬಂತು.

ನಮ್ಮೂರಿನಲ್ಲಿ ಒಂದು ಸಮುದಾಯಕ್ಕೆ ಮಾತ್ರ ಮುಪ್ಪಿನ ದೊಡ್ಡ ಯಾತ್ರೆ ಎಂದರೆ ಬಹುಕಾಲ ಹಡಗೇ ಆಗಿತ್ತು. ಹಜ್‌ಗೆ ಹೊರಟ ಹುಬ್ಬಳ್ಳಿಯ ಮುಸಲ್ಮಾನ ಹಿರಿಯರು ಮುಂಬಯಿವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ವಾರಕ್ಕೂ ಮಿಕ್ಕಿ ಸಮುದ್ರದ ಮೇಲಿದ್ದು ಜೆಡ್ಡಾ ತಲುಪುತ್ತಿದ್ದರು. ಆ ಹಡಗುಗಳನ್ನು ನಡೆಸುತ್ತಿದ್ದ ಮೊಗಲ್ ಲೈನ್ಸ್ ಕಂಪನಿಯ ಮೂಲ 1877ರದು. ವಿಮಾನಗಳು ಹೆಚ್ಚಿದಂತೆ ಹಡಗು ಕಡಿಮೆಯಾಗಿ, 1995ರಲ್ಲಿ ಮುಂಬಯಿ-ಜೆಡ್ಡಾ ಸಮುದ್ರಯಾತ್ರೆ ನಿಂತೇಹೋಯಿತು. ಮುಂಬಯಿ-ಪಣಜಿ ನಡುವೆ 1980ರ ದಶಕದವರೆಗೂ ಓಡುತ್ತಿದ್ದ ಪ್ರಯಾಣಿಕರ ಸ್ಟೀಮರೂ ಅಷ್ಟರಲ್ಲಿ ನಿಂತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಅದನ್ನು ಕೇಳುವವರೂ ಉಳಿಯಲಿಲ್ಲ.

ಅಕ್ಕ ಹೇಳಿದ ಹಡಗು ಇವು ಯಾವುದರ ವಂಶದ್ದೂ ಅಲ್ಲ. ಅದರ ಹುಟ್ಟು ಜರ್ಮನಿಯಲ್ಲಿ. ಹ್ಯಾಂಬುರ್ಗ್-ಅಮೆರಿಕ ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬಾತನಿಗೆ ಚಳಿಗಾಲ ಬಂತೆಂದರೆ ಚಿಂತೆ. ಅಟ್ಲಾಂಟಿಕ್ ದಾಟುವವರು ಕಡಿಮೆಯಾಗಿ ದುಬಾರಿ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. 1891ರ ಜನವರಿಯಲ್ಲಿ ಆತ 'ಆಗಸ್ಟಾ ವಿಕ್ಟೋರಿಯಾ' ಹಡಗಿನಲ್ಲಿ 241 ಜನರನ್ನು ಕೂರಿಸಿ ಮೆಡಿಟರೇನಿಯನ್ ಸುತ್ತಿಸಿ ಸುಮಾರು ಎರಡು ತಿಂಗಳಿಗೆ ಹೊರಟಲ್ಲಿಗೇ ತಂದು ಬಿಟ್ಟ. ಎಲ್ಲಿಗೋ ಮುಟ್ಟಿಸುವ ಹಡಗು ಹೋಗಿ, ಹಡಗೇ ಊರಾಯಿತು. ಭಾರತದಲ್ಲಿ ಈ ಬಗೆಯ ವಿಹಾರ ಮಧ್ಯಮ ವರ್ಗದ ಮಾತಿಗೆ ಬಂದಿದ್ದು ತೀರ ಈಚೆಗೆ. 2018ರಲ್ಲಿ 'ಆಂಗ್ರಿಯಾ' ಮುಂಬಯಿ-ಗೋವಾ ನಡುವೆ ಓಡಿತು, 2021ರಲ್ಲಿ ಕಾರ್ಡೀಲಿಯಾ ಕಂಪನಿ ಮುಂಬಯಿಯಿಂದ ಹಡಗು ಹೊರಡಿಸಿತು. ನೆಲದ ಮೇಲೂ ಇಂಥದೊಂದು ಬಂದಿತ್ತು: ಹಂಪಿ, ಬಾದಾಮಿ ತೋರಿಸುವ 'ಗೋಲ್ಡನ್ ಚಾರಿಯಟ್' ರೈಲು, 2008ರಲ್ಲಿ. ಅದರ ದರ ಕೇಳಿದರೆ ಮಾಸ್ತರರ ಗಂಟು ಬಿಚ್ಚುವ ಮೊದಲೇ ಮುಗಿಯುತ್ತದೆ.

ಇಷ್ಟನ್ನು ತಿಳಿದು ಅಕ್ಕನಿಗೆ ಫೋನು ಮಾಡಿದರೆ ಅವಳು ಬೇರೆಯೇ ತೊಡಕಿನಲ್ಲಿದ್ದಳು. ಅಪ್ಪ ನಿವೃತ್ತರಾಗುವುದು ಮೇ 31ಕ್ಕೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಆರಂಭವಾಗುವುದು ಜೂನ್ 1ಕ್ಕೆ. ಮಳೆ ಇಳಿದು ಅರಬ್ಬಿ ಸಮುದ್ರ ಏಳುವ ಕಾಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ 'ರಾಮದಾಸ್' ಸ್ಟೀಮರು ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಹೋದದ್ದೂ ಇಂಥ ದಿನಗಳಲ್ಲೇ. ಈಗಿನ ಹಡಗು ದೊಡ್ಡದು, ನಿಜ. ಆದರೆ ಮೊದಲ ಸಲ ಸಮುದ್ರಕ್ಕೆ ಹೊರಟ ಅರವತ್ತರ ಹೊಟ್ಟೆ ಹಳೆಯದೇ ತಾನೇ? ಜೂನ್ 1ರಂದು ಹುಟ್ಟಿದ ನಾಡಿಗೆ, ಹುಟ್ಟುಹಬ್ಬದ ದಿನವೇ ಸಮುದ್ರ ಬಾಗಿಲು ಹಾಕುತ್ತದೆ.

ಆಗ ಅಜ್ಜಿ ಬಾಯಿ ಬಿಟ್ಟರು. 'ಜೂನದಾಗ ಎಲ್ಲಿ ಹುಟ್ಟ್ಯಾನ? ಬನ್ನಿ ಮುಡ್ಯೂ ದಿನ ಹುಟ್ಟ್ಯಾನ. ಪಾಕಿಸ್ತಾನದ ಕೂಡ ಲಡಾಯಿ ನಿಂತು ಹತ್ತ-ಹನ್ನೆರಡ ದಿನ ಆಗಿತ್ತು.' 1965ರ ಯುದ್ಧ ನಿಂತದ್ದು ಸೆಪ್ಟೆಂಬರ್ 23ಕ್ಕೆ. ಅಜ್ಜಿಯ ಲೆಕ್ಕ ಸರಿ. ಅಂದರೆ ಅಪ್ಪ ಐದು ತಿಂಗಳು ಮುಂಚೆಯೇ ನಿವೃತ್ತರಾದರು. ಐದು ಪಗಾರ ಒಬ್ಬ ಮಾಸ್ತರರ ಲೇಖನಿಯಲ್ಲಿ ಹೋಯಿತು. 'ನಾ ಬರದ ಹುಡಗೂರದು ಎಷ್ಟ ಹೋಗ್ಯದೋ' ಎಂದು ಅಪ್ಪ ನಕ್ಕರು, ಅಷ್ಟೇನೂ ಜೋರಾಗಿ ಅಲ್ಲ.

2025ರ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 2ಕ್ಕೆ. ನೂಲಹುಣ್ಣಿಮೆಗೆ ಕರಾವಳಿಯವರು ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟು ಎರಡು ತಿಂಗಳಾಗುತ್ತ ಬಂದಿತ್ತು. ನೀರು ಶಾಂತ, ಹಡಗು ಸಿದ್ಧ. ಅಷ್ಟು ಹೊತ್ತಿಗೆ ಅವ್ವ ಮನಸ್ಸು ಬದಲಿಸಿದ್ದಳು. ಅವಳ ಮೊಣಕಾಲಿಗೆ ಕಾಶಿಯ ಘಾಟಿನ ಮೆಟ್ಟಿಲು ಆಗಿಬರುವುದಿಲ್ಲ ಎಂಬುದು ಒಂದು. ಇನ್ನೊಂದನ್ನು ರೊಟ್ಟಿ ಬಡಿಯುತ್ತ ನನ್ನೆದುರು ಹೇಳಿದಳು: 'ಎರಡ ದಿನ ಎಲ್ಲಿಗೂ ಹೋಗಬೇಕಾಗಿಲ್ಲಂದ್ರ ಅದ ಛಲೋ ಅಲ್ಲೇನು?'

ಆದರೆ ಷಷ್ಟ್ಯಬ್ದಿ ಅಪ್ಪನದು, ಯಾತ್ರೆಯೂ ಅಪ್ಪನದೇ ಆಯಿತು. ಮನೆಯಲ್ಲಿ ಶಾಂತಿ, ಊಟ. ದೀಪಾವಳಿಯ ನಂತರ ಇಬ್ಬರೂ ರೈಲಿನಲ್ಲಿ ಕಾಶಿಗೆ ಹೋಗಿ ಬಂದರು. ಅವ್ವ ಮೆಟ್ಟಿಲು ಇಳಿದಳು, ಗಂಗೆಯಲ್ಲಿ ದೋಣಿಯನ್ನೂ ಹತ್ತಿದಳು. ಬಂದ ಮೇಲೆ ಒಂದು ವಾರ ಮೊಣಕಾಲಿಗೆ ಎಣ್ಣೆ ತಿಕ್ಕಿದಳು.

ಅವ್ವನಿಗೆ ಅರವತ್ತಾಗುವುದು 2028ಕ್ಕೆ. ಹಡಗಿನ ಟಿಕೇಟು ಅಕ್ಕ ಈಗಲೇ ಮಾತಿನಲ್ಲಿ ಕಾಯ್ದಿರಿಸಿದ್ದಾಳೆ. ದಾಖಲೆಯಲ್ಲಿ ಅವಳದೂ ಜೂನ್ 1. ಖರೆ ದಿನ ಹೇಳಬೇಕಾದ ಅವಳ ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ಗದಗಿನಲ್ಲಿ ದೊಡ್ಡವ್ವ ಇದ್ದಾಳೆ. ಅವ್ವ ಹುಟ್ಟಿದಾಗ ಅವಳಿಗೆ ಆರೋ ಏಳೋ ವರ್ಷ. ಬರುವ ರವಿವಾರ ಹೋಗಿ ಕೇಳಿ ಬರಬೇಕು.