ಒನಕೆಯ ಕೂಲಿ

ಚಿತ್ರದುರ್ಗದ ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದವರೆಲ್ಲ ಒಂದಲ್ಲ ಒಂದು ಸಲ ಓಬವ್ವನ ಕಿಂಡಿಯ ಮುಂದೆ ನಿಂತು ಕಥೆ ಹೇಳಿದವರೇ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಆ ಕಿಂಡಿಯಲ್ಲಿ ನುಸುಳಿ ಬಂದದ್ದು, ಕಹಳೆ ಮುದ್ದಹನುಮನ ಹೆಂಡತಿ ಓಬವ್ವ ಒನಕೆ ಹಿಡಿದು ಅವರನ್ನು ಒಬ್ಬೊಬ್ಬರಾಗಿಯೇ ಮುಗಿಸಿದ್ದು ನಮ್ಮ ಕಡೆ ಮಾತು ಕಲಿತ ಮಕ್ಕಳಿಗೂ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂದ ಮೇಲಂತೂ ಓಬವ್ವ ಎಂದರೆ ಜಯಂತಿಯವರ ಮುಖವೇ ಕಣ್ಣಮುಂದೆ ಬರುತ್ತದೆ.

ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಿ ನೋಡಿ. ಆ ದಿನ ಓಬವ್ವ ಯುದ್ಧಕ್ಕೆಂದು ಹೊರಟವಳಲ್ಲ. ಕಾವಲಿನಿಂದ ಊಟಕ್ಕೆ ಬಂದ ಗಂಡನಿಗೆ ಬಡಿಸಿದ್ದಳು. ನೀರು ತರಲು ಹೋಗಿದ್ದಳು. ಕೈಗೆ ಸಿಕ್ಕಿದ್ದು ದಿನವೂ ಕುಟ್ಟುವ ಒನಕೆ. ಬಡಿಸುವುದು, ನೀರು ಹೊರುವುದು, ಕುಟ್ಟುವುದು — ಒಂದು ವೀರಗಥೆಯೊಳಗೆ ಹೆಂಗಸಿನ ಮೂರು ನಿತ್ಯದ ಕೆಲಸಗಳು ಕೂತಿವೆ. 1779ರಲ್ಲಿ ಕೋಟೆ ಹೈದರನ ಕೈಸೇರಿತು, ಓಬವ್ವನ ಹೆಸರು ಉಳಿಯಿತು. ಆದರೆ ಆ ಒನಕೆ ಅದಕ್ಕೆ ಮೊದಲು ಎಷ್ಟು ಸೇರು ನವಣೆ, ಎಷ್ಟು ಸೇರು ಸಾವೆ ಕುಟ್ಟಿತ್ತೆಂದು ಯಾರೂ ಲೆಕ್ಕ ಇಡಲಿಲ್ಲ. ಮನೆಗೆಲಸಕ್ಕೆ ಲೆಕ್ಕ ಇಡುವ ರೂಢಿ ನಮ್ಮಲ್ಲಿ ಎಲ್ಲಿತ್ತು?

“ಈಗಿನ ಕಾಲದಲ್ಲಿ ಹೆಂಗಸರೂ ದುಡಿಯುತ್ತಿದ್ದಾರೆ” ಎಂದು ಸಭೆಗಳಲ್ಲಿ ಭಾಷಣಕಾರರು ಹೇಳುವಾಗ ನನಗೆ ನಗು ಬರುತ್ತದೆ. ಬಡವರ ಕೇರಿಯಲ್ಲಿ ಹೆಂಗಸು ದುಡಿಯದೆ ಕೂತ ಕಾಲ ಯಾವುದಿತ್ತು? ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನೇ ನೋಡಿ. ಕೂಲಿಗೆ ಭತ್ತ ಕುಟ್ಟಿಕೊಡುವುದಕ್ಕೆ ಕೊಟ್ಟಣ ಎನ್ನುತ್ತಾರೆ. ಅದನ್ನೇ ಕಾಯಕ ಮಾಡಿಕೊಂಡವಳು ಕೊಟ್ಟಣದ ಸೋಮಮ್ಮ. ನೂಲುತ್ತಿದ್ದವಳು ಕದಿರ ರೆಮ್ಮವ್ವ. ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮನೆಯವಳು ಆಯ್ದಕ್ಕಿ ಲಕ್ಕಮ್ಮ. ಇವರ ಕಸುಬು ಇವರ ಹೆಸರಿನೊಂದಿಗೇ ನಮ್ಮವರೆಗೆ ಬಂದಿದೆ. ಅವರ ನಂತರ ಕುಟ್ಟಿದ, ನೂತ, ಆಯ್ದ ಲಕ್ಷಾಂತರ ಹೆಂಗಸರ ಹೆಸರು ಮಾತ್ರ ಬರಲಿಲ್ಲ.

ನಮ್ಮ ಸೀಮೆಯ ಕಂಬಳಿಯ ಕಥೆಯೂ ಹೀಗೆಯೇ. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಂಬಳಿಯ ಬಗ್ಗೆ ಬರೆದಿದ್ದಾನೆ. ಉಣ್ಣೆಯನ್ನು ಹಿಂಜಿ ನೂಲು ತೆಗೆಯುವವರು ಮನೆಯ ಹೆಂಗಸರು. ಹಾಸಿಗೆ ಹಚ್ಚಲು ಹುಣಸೆಬೀಜದ ಸರಿ ಕುದಿಸಿ ಸಿದ್ಧ ಮಾಡುವುದರಲ್ಲೂ ಅವರ ಕೈ ಇದ್ದೇ ಇರುತ್ತದೆ. ಗಂಡಸರು ಮಗ್ಗದಲ್ಲಿ ಕೂರುತ್ತಾರೆ. ಕಂಬಳಿಯನ್ನು ಸಂತೆಗೆ ಹೊತ್ತು ಮಾರಿ ದುಡ್ಡು ತರುವವರೂ ಗಂಡಸರೇ. ಸಂತೆಯಲ್ಲಿ ಕಂಬಳಿಗೆ ಬೆಲೆ ಕಟ್ಟುತ್ತಾರೆ. ದಿನಗಟ್ಟಲೆ ಕದಿರು ತಿರುವಿದ್ದಕ್ಕೆ ಬೇರೆ ಬೆಲೆ ಇಲ್ಲ. ಹೆಂಗಸಿನ ದುಡಿಮೆ ಕಂಬಳಿಯೊಳಗೇ ಸೇರಿ ಕಾಣದಂತಾಗುತ್ತದೆ.

ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು. 1895ರಿಂದ 1902ರವರೆಗೆ ಮೈಸೂರಿನ ಆಡಳಿತ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಕೆಲಸ ಆರಂಭವಾದದ್ದರಿಂದ ಅದು ವಾಣಿವಿಲಾಸ ಸಾಗರ. ಒಬ್ಬ ಹೆಂಗಸಿನ ಹೆಸರು ಹೊತ್ತ ದೊಡ್ಡ ಕೆರೆ ನಮ್ಮ ಜಿಲ್ಲೆಯಲ್ಲಿದೆ ಎಂಬುದು ಹೆಮ್ಮೆಯ ಮಾತು. ಆದರೆ ಅಂಥ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತ ಕೂಲಿಯವರ ಹೆಸರು ಕೇಳಿದರೆ ಹೇಳುವವರಿಲ್ಲ. 1933ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷಗಳೆಂದರೆ ನಮ್ಮ ಜಿಲ್ಲೆಯ ಬರದ ಕಥೆ. ಮಳೆ ಕೈಕೊಟ್ಟಾಗಲೆಲ್ಲ ಹಳ್ಳಿಯ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಊರಂಚಿಗೆ ಬಂದವು. ತಗಡಿನ ಸೂರಿನ ಕೇರಿಗಳು ಬೆಳೆದವು. ಬಂದ ಮರುದಿನವೇ ಕೆಲಸ ಹುಡುಕಿಕೊಂಡು ಹೊರಟವರಲ್ಲಿ ಹೆಂಗಸರು ಹಿಂದೆ ಬೀಳಲಿಲ್ಲ.

ಈ ಹೊತ್ತಿಗೆ ಅಕ್ಕಿ ಗಿರಣಿ, ಹಿಟ್ಟಿನ ಗಿರಣಿಗಳು ಬಂದು ಒನಕೆ, ಬೀಸುಕಲ್ಲುಗಳು ಮೂಲೆ ಸೇರಿದ್ದವು. ರಟ್ಟೆಗೆ ಬಿಡುವು ಸಿಕ್ಕಿತೇನೋ ನಿಜ. ಕೊಟ್ಟಣದ ಕೂಲಿಯೂ ಅದರೊಂದಿಗೇ ಹೋಯಿತು. ಹೊಸ ಕೂಲಿ ಊರೂರಿಗೆ ಬೇರೆ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಸುಲಿಯುವುದು. ಹೊಸದುರ್ಗದ ತೆಂಗಿನ ಸೀಮೆಯಲ್ಲಿ ಕೊಬ್ಬರಿ ಆರಿಸುವುದು, ಗರಿ ಸೀಳಿ ಕಡ್ಡಿ ಪೊರಕೆ ಕಟ್ಟುವುದು. ಚಿತ್ರದುರ್ಗದಲ್ಲಿ ಹತ್ತಿಯ ಕೆಲಸ. ಎಲ್ಲ ಊರಲ್ಲೂ ಗಾರೆ ಕೆಲಸಕ್ಕೆ ಬಾಂಡ್ಲಿ ಹೊರುವುದು, ತರಕಾರಿ ಪುಟ್ಟಿ ಹೊತ್ತು ಮಾರುವುದು, ನಾಲ್ಕು ಮನೆಯ ಮುಸುರೆ ತಿಕ್ಕುವುದು. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಮತ್ತು ಬೀಡಿ.

ಇವುಗಳಲ್ಲಿ ಬಹಳಷ್ಟು ಎಣಿಸಿ, ಅಳೆದು ಕೂಲಿ ಕೊಡುವ ಕೆಲಸಗಳು. ಬೀಡಿಯಾದರೆ ಸಾವಿರಕ್ಕೆ ಇಷ್ಟು, ಅಡಿಕೆಯಾದರೆ ಡಬ್ಬಕ್ಕೋ ಕಿಲೋಗೋ ಇಷ್ಟು. ಲೆಕ್ಕವೇನೋ ಬಂತು, ಅಳತೆ ಮಾತ್ರ ಬೇರೆಯವರ ಕೈಯಲ್ಲಿತ್ತು. ಅಡಿಕೆಯ ಸುಗ್ಗಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಕತ್ತಿಯ ಮುಂದೆ ಕೂರುವ, ಚೊಗರಿನಿಂದ ಬೆರಳೆಲ್ಲ ಕಪ್ಪಾದ ಒಬ್ಬಾಕೆಯನ್ನು ನಾನು ಒಮ್ಮೆ, “ದಿನಕ್ಕೆ ಎಷ್ಟು ಬೀಳುತ್ತವ್ವಾ?” ಎಂದು ಕೇಳಿದ್ದೆ. “ಡಬ್ಬ ಅವರ್ದು, ಅಳತೆ ಅವರ್ದು, ಕೈ ಮಾತ್ರ ನಮ್ದು ಕಣಮ್ಮಾ” ಎಂದು ನಕ್ಕಳು. ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರ ಬಂದ ಮೇಲೆ ಆ ಕೈಗೂ ಕೆಲಸ ಕಡಿಮೆ.

ಕಾನೂನುಗಳು ಬರಲಿಲ್ಲವೆಂದಲ್ಲ. 1948ರಲ್ಲಿ ಕನಿಷ್ಠ ಕೂಲಿಯ ಕಾನೂನು ಬಂತು. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನು ಬಂದು, ಮನೆಯಲ್ಲೇ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು ಒಪ್ಪಿತು. 1976ರಲ್ಲಿ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾನೂನಾಯಿತು. ಜನಗಣತಿಯವರು 1991ರಲ್ಲಿ ತಮ್ಮ ಪ್ರಶ್ನೆಯನ್ನೇ ತಿದ್ದಿಕೊಂಡು, ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವನ್ನೂ ಸೇರಿಸಿ ಕೇಳಿದರು. ಅಲ್ಲಿಯವರೆಗೆ “ಏನು ಕೆಲಸ ಮಾಡುತ್ತೀಯಮ್ಮ?” ಎಂದರೆ ದಿನವಿಡೀ ಉಣ್ಣೆ ನೂತವಳೂ “ಏನಿಲ್ಲ, ಮನೇಲಿರ್ತೀನಿ” ಎನ್ನುವುದೇ ವಾಡಿಕೆ. ಅಡಿಗೆ, ನೀರು, ಮಕ್ಕಳ ಆರೈಕೆ ಆ ಲೆಕ್ಕಕ್ಕೂ ಸೇರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಗಂಡಸು 97 ನಿಮಿಷ. ಸುಮಾರು ಐದು ಗಂಟೆಯ ದುಡಿಮೆ ಮುಗಿಸಿ ಅವಳು ಕೂಲಿಗೆ ಹೊರಡುತ್ತಾಳೆ!

ಇಷ್ಟೆಲ್ಲ ಆಗಿಯೂ ಕೂಲಿಯ ದುಡ್ಡು ಮನೆಗೆ ಬಂದ ಮೇಲೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಸೀರೆಯ ಸೆರಗಿನ ಗಂಟು, ಸಾಸಿವೆ ಡಬ್ಬಿ — ಬಡ ಹೆಂಗಸಿನ ಬ್ಯಾಂಕು ಇವೇ ಆಗಿದ್ದವು. ಗಂಡನ ಕಣ್ಣಿಗೆ ಬಿದ್ದರೆ ಅದೂ ಇಲ್ಲ. ಮಗುವಿಗೆ ಜ್ವರ ಬಂದರೆ ಬಡ್ಡಿಯವರ ಬಾಗಿಲು, ಇಲ್ಲವೇ ಗಿರವಿ ಅಂಗಡಿ.

ಇಲ್ಲಿ ಹೊಳಲ್ಕೆರೆಯ ಹೆಸರು ಬರುತ್ತದೆ. ಮೈರಾಡ ಸಂಸ್ಥೆ ಕರ್ನಾಟಕದಲ್ಲಿ 1980ರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯದ ಗುಂಪುಗಳನ್ನು ಬೆಳೆಸಿತಲ್ಲ, ಆ ಸಂಸ್ಥೆ ಕೆಲಸ ಮಾಡಿದ ತಾಲೂಕುಗಳಲ್ಲಿ ಹೊಳಲ್ಕೆರೆಯೂ ಒಂದು. ಪದ್ಧತಿ ಬಹಳ ಸರಳ. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಜನ ವಾರಕ್ಕೊಮ್ಮೆ ಸೇರುವುದು, ಕೈಲಾದಷ್ಟು ಕೂಡಿಡುವುದು, ಆ ದುಡ್ಡಿನಲ್ಲೇ ತಮ್ಮೊಳಗೆ ಸಾಲ ಕೊಡುವುದು, ಯಾರಿಗೆ ಮೊದಲು ಎಂಬುದನ್ನು ತಾವೇ ಕೂತು ತೀರ್ಮಾನಿಸುವುದು. ಬಡ್ಡಿ ಬಂದರೆ ಅದೂ ಗುಂಪಿನ ಪೆಟ್ಟಿಗೆಗೇ. 1991ರಲ್ಲಿ ರಿಸರ್ವ್ ಬ್ಯಾಂಕು ಇಂಥ ಗುಂಪುಗಳಿಗೆ ಸಾಲ ಕೊಡಲು ಬ್ಯಾಂಕುಗಳಿಗೆ ಸೂಚಿಸಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಅಡವಿಡಲು ಗುಲಗಂಜಿ ಚಿನ್ನವಿಲ್ಲದವಳಿಗೂ ಬ್ಯಾಂಕಿನ ಬಾಗಿಲು ತೆರೆಯಿತು. ಪಟ್ಟಣದ ಬಡವರಿಗಾಗಿ 1997ರಲ್ಲಿ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಬಂದು ಕೇರಿಯ ಹೆಂಗಸರ ಗುಂಪುಗಳಿಗೆ ನೆರವಾಯಿತು. 2000–01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಹಳ್ಳಿಹಳ್ಳಿಗೂ ಹೋಯಿತು.

ಈ ಸಂಘಗಳಿಂದ ಬಡತನ ನೀಗಿತೆಂದು ನಾನು ಹೇಳುವುದಿಲ್ಲ. ಹೊಲಿಗೆ ಯಂತ್ರ, ತರಕಾರಿ ಗಾಡಿ, ಗಿರವಿಯಿಂದ ಬಿಡಿಸಿದ ಓಲೆ, ಮಗಳ ಹೈಸ್ಕೂಲಿನ ಫೀಸು — ಬದಲಾವಣೆ ಇಷ್ಟೇ ಅಳತೆಯದು. ಆದರೆ ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಕಲಿತರು. ನಡಾವಳಿ ಪುಸ್ತಕದಲ್ಲಿ ಅವರ ಹೆಸರು ಬಂತು, ಪಾಸ್‌ಬುಕ್ಕಿನಲ್ಲಿ ಅವರ ದುಡ್ಡು ಅಂಕಿಯಾಗಿ ಕಂಡಿತು. ಬರೆದಿಟ್ಟ ಅಂಕಿಯನ್ನು ಗಂಡನೂ ಸುಲಭವಾಗಿ ಅಲ್ಲಗಳೆಯಲಾರ.

ಆಮೇಲೆ ಬಂದದ್ದು ಮೈಕ್ರೋ ಫೈನಾನ್ಸಿನ ಸಾಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಚಾಪೆ, ಅದೇ ಹೆಂಗಸರ ಗುಂಪು, ಅದೇ ವಾರದ ಕಂತು. ಆದರೆ ಸಂಘದ ಉಳಿತಾಯದಿಂದ ತೆಗೆದ ಸಾಲದ ಬಡ್ಡಿ ಸಂಘಕ್ಕೇ ಮರಳುತ್ತದೆ, ಇದರ ಬಡ್ಡಿ ಕಂಪನಿಗೆ ಹೋಗುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಗೆಳತಿಯರೇ ವಸೂಲಿಗೆ ನಿಲ್ಲುವ ಹಾಗಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ವಸೂಲಿಯ ಕಿರುಕುಳದ ಕೂಗು ಎಷ್ಟು ಏರಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆದ್ದರಿಂದ ಹೆಂಗಸಿನ ಹೆಸರಿನಲ್ಲಿ ಸಾಲವಿದೆ ಎಂದಮಾತ್ರಕ್ಕೆ ಅವಳ ಕೈ ಬಲವಾಯಿತೆಂದು ನಾವು ಸಂತೋಷಪಡುವಂತಿಲ್ಲ. ಉಳಿತಾಯ ಯಾರ ಹೆಸರಿನಲ್ಲಿದೆ ಎಂಬುದನ್ನೂ ಕೇಳಬೇಕು.

ಸ್ವಂತ ಉಳಿತಾಯದ ಬೆಲೆ ಎಷ್ಟೆಂಬುದನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ತೋರಿಸಿಕೊಟ್ಟರು. ನಮ್ಮ ಜಿಲ್ಲೆಯಂಥ ಬರದ ಸೀಮೆಗಳಿಂದ ಹೋಗಿ ಹೊಲಿಗೆಗೆ ಕೂತ ಹೆಣ್ಣುಮಕ್ಕಳು ಅಲ್ಲಿ ಎಷ್ಟೋ ಮಂದಿ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ, 2016ರ ಏಪ್ರಿಲ್‌ನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡನೆಯ ದಿನವೇ, ಏಪ್ರಿಲ್ 19ರಂದು, ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಗಳ ಮದುವೆಗೋ ಊರಿನಲ್ಲಿ ಒಂದು ಸೂರಿಗೋ ಎಂದು ನಂಬಿಕೊಂಡ ದುಡ್ಡು ಅದು. ಎಣಿಸಿ ಬರೆದಿಟ್ಟ ದುಡ್ಡಾದ್ದರಿಂದ ಅವರು ಅದನ್ನು ‘ನಮ್ಮದು’ ಎಂದು ಕೇಳಬಲ್ಲವರಾದರು.

ಹೀಗೆ ಕೇಳಲಾಗದ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಗೊತ್ತುಮಾಡಿ 2004ರಲ್ಲಿ ಆದೇಶ ಹೊರಡಿಸಿದ ಮೊದಲ ರಾಜ್ಯ ನಮ್ಮದು. ಚಿತ್ರದುರ್ಗದ ಬಡಾವಣೆಗಳಲ್ಲಿ, ಹಿರಿಯೂರು ಹೊಸದುರ್ಗಗಳ ನಮ್ಮಂಥವರ ಅಡಿಗೆಮನೆಗಳಲ್ಲಿ ಈ ಸುದ್ದಿ ಎಷ್ಟು ಜನರಿಗೆ ಮುಟ್ಟಿತು? ರಜೆ ಹಾಕಿದರೆ ಸಂಬಳ ಹಿಡಿಯುವ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ. ಹಬ್ಬಕ್ಕೆ ನೆಂಟರು ಬಂದು ಪಾತ್ರೆ ಇಮ್ಮಡಿಯಾದಾಗ ಆ ಲೆಕ್ಕ ಮರೆತುಹೋಗುತ್ತದೆ. ನಮ್ಮ ಮನೆಗೆಲಸಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ ಎಂಬ ನಮ್ಮ ದೂರು ನ್ಯಾಯವಾದದ್ದೇ. ಆದರೆ ಅದೇ ಕೆಲಸವನ್ನು ನಮಗಾಗಿ ಮಾಡಿಕೊಡುವವಳಿಗೆ ಬೆಲೆ ಕಟ್ಟುವ ಸರದಿ ಬಂದಾಗ ನಾವು ಯಾವ ಸೇರಿನಲ್ಲಿ ಅಳೆಯುತ್ತೇವೆ?

ಮಾಡಬಹುದಾದದ್ದು ದೊಡ್ಡದೇನಲ್ಲ. ತಿಂಗಳ ಸಂಬಳವನ್ನು ಒಂದು ಪುಸ್ತಕದಲ್ಲಿ ಬರೆದು ಆಕೆಗೂ ತೋರಿಸಬಹುದು. ವಾರಕ್ಕೊಂದು ರಜೆಯನ್ನು ಮೊದಲೇ ಮಾತಾಡಿ ಗೊತ್ತುಮಾಡಬಹುದು. ಆಕೆಗೆ ತನ್ನ ಹೆಸರಿನ ಖಾತೆ ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಬ್ಯಾಂಕಿನವರೆಗೆ ಒಂದು ದಿನ ಜೊತೆಗೆ ಹೋಗಬಹುದು. ಹಾಗೆ ಹೋದಾಗ ಅರ್ಜಿಯ ಮೊದಲ ಸಾಲಿನಲ್ಲೇ ಆಕೆಯ ಪೂರ್ತಿ ಹೆಸರು ಬರೆಯಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಅದನ್ನು ಆಗಲೇ ಮೊದಲ ಸಲ ಕೇಳಿ ತಿಳಿದುಕೊಂಡೇವು. ಕೂಲಿಗೆ ಭತ್ತ ಕುಟ್ಟಿದ ಸೋಮಮ್ಮನ ಹೆಸರನ್ನು ಎಂಟುನೂರು ವರ್ಷ ಕಾಪಾಡಿಕೊಂಡು ಬಂದ ನಾಡು ನಮ್ಮದು. ಬೆಳಿಗ್ಗೆ ಏಳಕ್ಕೆ ನಮ್ಮ ಹಿತ್ತಿಲ ಬಾಗಿಲು ತಟ್ಟುವವಳ ಹೆಸರನ್ನು ತಿಳಿದುಕೊಳ್ಳುವುದು ಅಷ್ಟು ಕಷ್ಟವಾಗಬಾರದು.