ಸಿಗಡಿ ಹೊಟ್ಟೆಯಲ್ಲಿ ಏನಿರಬೇಕು ಎಂದು ನಿರ್ಧರಿಸುವುದು ಹೊಂಡದ ನೀರು! ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಇಲ್ಲಿದೆ ಮಾಹಿತಿ

ನಾಗ್ಪುರ: ಕಿತ್ತಳೆ ನಗರಿ ನಾಗ್ಪುರದಿಂದ ಸಮುದ್ರ ಬಹಳ ದೂರ. ಆದರೂ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಇದೇ ನಗರದಲ್ಲಿ. ಅದರ ಮೀನುಗಾರಿಕಾ ಕಾಲೇಜೂ ಇಲ್ಲಿದೆ. ಪಕ್ಕದ ಭಂಡಾರಾ, ಗೊಂದಿಯಾ ಜಿಲ್ಲೆಗಳಲ್ಲಿ ಹಳೆಯ ಮಾಲ್ಗುಜಾರಿ ಕೆರೆಗಳು ಸಾಕಷ್ಟಿವೆ. ಇಂಥ ಒಳನಾಡಿನ ಕೆರೆ, ಹೊಂಡಗಳಿಗೆ ಹೊಂದುವ ತಳಿಯೇ ‘ಸ್ಕ್ಯಾಂಪಿ’ ಎಂದು ಕರೆಯುವ ಸಿಹಿನೀರಿನ ಸಿಗಡಿ. ಇದರ ಬೆಳೆ ಕೈಗೆ ಬರುತ್ತದೆಯೇ ಎಂಬುದರಲ್ಲಿ ಕಣ್ಣಿಗೆ ಕಾಣದ ಕರುಳಿನ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು.

ಕರುಳಿನ ಬ್ಯಾಕ್ಟೀರಿಯಾ ಯಾಕೆ ಮುಖ್ಯ?

ಮನುಷ್ಯರಲ್ಲಿರುವಂತೆ ಸಿಗಡಿಯ ದೇಹದಲ್ಲಿ ಪ್ರತಿಕಾಯಗಳು ಹುಟ್ಟುವುದಿಲ್ಲ. ಹೀಗಾಗಿ ಮೀನಿಗೆ ಕೊಡುವಂತೆ ಲಸಿಕೆ ಕೊಟ್ಟು ರೋಗ ತಡೆಯುವುದು ಕಷ್ಟ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆಹಾರ ಜೀರ್ಣವಾಗಲು ನೆರವಾಗುತ್ತವೆ, ಜಾಗ ಹಿಡಿದು ಕೂತು ರೋಗಕಾರಕಗಳನ್ನು ತಡೆಯುತ್ತವೆ. ಸಿಗಡಿ ಸದಾ ನೀರು ಕುಡಿಯುತ್ತಾ, ತಳದ ಕೆಸರು ಕೆದಕಿ ತಿನ್ನುತ್ತಾ ಬೆಳೆಯುವ ಜೀವಿ. ಆದ್ದರಿಂದ ಹೊಂಡದ ನೀರು, ಮಣ್ಣು, ಆಹಾರದಲ್ಲಿರುವ ಸೂಕ್ಷ್ಮಜೀವಿಗಳೇ ಅದರ ಹೊಟ್ಟೆ ಸೇರುತ್ತವೆ.

ಒಂದೇ ಸಿಗಡಿ, ಎರಡು ನೀರು

ಸ್ಕ್ಯಾಂಪಿ ಬೆಳೆಯುವುದು ಸಿಹಿನೀರಿನಲ್ಲಾದರೂ ಅದರ ಮರಿಗಳಿಗೆ ಉಪ್ಪುನೀರೇ ಬೇಕು. ಹ್ಯಾಚರಿಗಳಲ್ಲಿ ಲೀಟರ್‌ಗೆ ಸುಮಾರು 12 ಗ್ರಾಂ ಉಪ್ಪಿನಂಶವಿರುವ ನೀರಿನಲ್ಲಿ 11 ಹಂತಗಳನ್ನು ದಾಟಿದ ಮೇಲಷ್ಟೇ ಮರಿಗಳನ್ನು ಸಿಹಿನೀರಿಗೆ ಒಗ್ಗಿಸುತ್ತಾರೆ. ಹ್ಯಾಚರಿಯಲ್ಲಿ ಮರಿಗಳ ಆಹಾರವಾದ ಆರ್ಟೀಮಿಯಾ ಜೊತೆಗೆ ವಿಬ್ರಿಯೊ ಬ್ಯಾಕ್ಟೀರಿಯಾವೂ ಒಳಹೋಗಬಹುದು. ಸಿಹಿನೀರಿನ ಹೊಂಡಕ್ಕೆ ಬಂದ ಮೇಲೆ ಏರೋಮೊನಾಸ್, ಲ್ಯಾಕ್ಟೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಕಾಣಿಸಿಕೊಳ್ಳುತ್ತವೆ. ಈ ಬದಲಾವಣೆಯ ದಿನಗಳಲ್ಲಿ ಮರಿಗಳು ದುರ್ಬಲವಾಗಿರುತ್ತವೆ. ಅವಸರದಲ್ಲಿ ಹೊಂಡಕ್ಕೆ ಬಿಟ್ಟರೆ ನಷ್ಟ ರೈತನಿಗೇ.

ಹೊಂಡ ಕೆಟ್ಟರೆ ಏನಾಗುತ್ತದೆ?

ಕರಾವಳಿಯ ವನ್ನಾಮಿ ಸಿಗಡಿ ಇದಕ್ಕೆ ದೊಡ್ಡ ಉದಾಹರಣೆ. 2009ರ ಸುಮಾರಿಗೆ ಚೀನಾದಲ್ಲಿ ಕಾಣಿಸಿಕೊಂಡ ಒಂದು ರೋಗ, ಹೊಂಡಕ್ಕೆ ಬಿಟ್ಟ ತಿಂಗಳೊಳಗೆ ಸಿಗಡಿಗಳನ್ನು ರಾಶಿರಾಶಿಯಾಗಿ ಕೊಲ್ಲತೊಡಗಿತು. 2013ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ತಜ್ಞರು ಕಾರಣ ಪತ್ತೆಹಚ್ಚಿದರು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಸಿಗಡಿಯ ಹೊಟ್ಟೆಯಲ್ಲಿ ನೆಲೆಯೂರಿ ಬಿಡುವ ವಿಷವು ಜೀರ್ಣಗ್ರಂಥಿಯನ್ನೇ ಹಾಳುಮಾಡುತ್ತಿತ್ತು. ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತರೆ ವಿಬ್ರಿಯೊಗಳಿಗೆ ಅದೇ ಹಬ್ಬದೂಟ.

ಆಂಟಿಬಯೋಟಿಕ್ ಪರಿಹಾರವಲ್ಲ

ಆಂಟಿಬಯೋಟಿಕ್ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಖಾಲಿಯಾದ ಜಾಗವನ್ನು ವೇಗವಾಗಿ ಬೆಳೆಯುವ ವಿಬ್ರಿಯೊಗಳೇ ಮತ್ತೆ ಹಿಡಿಯಬಹುದು, ಔಷಧಕ್ಕೆ ಬಗ್ಗದ ತಳಿಗಳೂ ಹುಟ್ಟಿಕೊಳ್ಳಬಹುದು. ಕ್ಲೋರಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನು ಸಿಗಡಿ ಸಾಕಣೆಯಲ್ಲಿ ಬಳಸುವುದಕ್ಕೆ ಭಾರತದಲ್ಲಿ ನಿಷೇಧವಿದೆ. ಇವುಗಳ ಅಂಶ ಪತ್ತೆಯಾದರೆ ರಫ್ತಾದ ಸರಕು ತಿರಸ್ಕೃತವಾಗುತ್ತದೆ.

ಬಯೋಫ್ಲಾಕ್ ಹೇಗೆ ನೆರವಾಗುತ್ತದೆ?

ಬಯೋಫ್ಲಾಕ್ ಪದ್ಧತಿಯಲ್ಲಿ ನೀರಿಗೆ ಬೆಲ್ಲ ಅಥವಾ ಕಾಕಂಬಿ ಸೇರಿಸಿ, ಗಾಳಿ ಹಾಯಿಸಿ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೇ ಬೆಳೆಸುತ್ತಾರೆ. ಇವು ವಿಷಕಾರಿ ಅಮೋನಿಯಾವನ್ನು ಹೀರಿಕೊಂಡು ಸಣ್ಣ ಉಂಡೆಗಳಾಗುತ್ತವೆ. ಸಿಗಡಿ ಅದನ್ನು ತಿನ್ನುವುದರಿಂದ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಆದರೆ ಕರೆಂಟ್ ಹೋಗಿ ಏರೇಟರ್ ನಿಂತರೆ ಆಮ್ಲಜನಕ ಬೇಗ ಕುಸಿದು ಇಡೀ ಬೆಳೆಯೇ ಹೋಗಬಹುದು. ಜನರೇಟರ್ ಇಲ್ಲದವರಿಗೆ ಇದು ಅಪಾಯದ ದಾರಿ.

ಪಚ್ಚಿಲೆ ತಿನ್ನುವವರು ಗಮನಿಸಿ

ಕಾಸರಗೋಡು ಜಿಲ್ಲೆಯ ಪಡನ್ನ ಹಿನ್ನೀರಿನಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುತ್ತವೆ. ಪಚ್ಚಿಲೆಗೆ ಯಾರೂ ಆಹಾರ ಹಾಕುವುದಿಲ್ಲ. ನೀರನ್ನು ಸೋಸಿ ಸಿಕ್ಕಿದ್ದನ್ನೇ ಅದು ತಿನ್ನುತ್ತದೆ. ನೀರಿಗೆ ಕೊಳಚೆ ಸೇರಿದರೆ ಅದರ ಬ್ಯಾಕ್ಟೀರಿಯಾಗಳು ನೇರವಾಗಿ ಚಿಪ್ಪಿನೊಳಗೆ ಸೇರುತ್ತವೆ. ಶುದ್ಧ ನೀರಿನಲ್ಲಿ ಕೆಲಕಾಲ ಇಟ್ಟರೆ ಒಂದಷ್ಟು ಹೊರಹೋಗುತ್ತವೆ, ಎಲ್ಲವೂ ಅಲ್ಲ. ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ರೈತರು ಏನು ಮಾಡಬೇಕು?

* ಪರೀಕ್ಷೆಯಾದ, ರೋಗಮುಕ್ತ ಮರಿಗಳನ್ನೇ ಖರೀದಿಸಿ.
* ಬೆಳೆ ತೆಗೆದ ನಂತರ ಹೊಂಡ ಒಣಗಿಸಿ, ತಳದ ಕೆಸರು ತೆಗೆದು, ಸುಣ್ಣ ಹಾಕಿ.
* ಮರಿಗಳನ್ನು ಹೊಸ ನೀರಿಗೆ ನಿಧಾನವಾಗಿ ಒಗ್ಗಿಸಿ.
* ಟ್ರೇನಲ್ಲಿ ಆಹಾರ ಇಟ್ಟು ನೋಡಿ, ಉಳಿದರೆ ಪ್ರಮಾಣ ಕಡಿಮೆ ಮಾಡಿ.
* ಪ್ರೋಬಯೋಟಿಕ್ ಹಾಕುವ ಮುನ್ನ ತಜ್ಞರ ಸಲಹೆ ಪಡೆಯಿರಿ. ಕೊಳೆತ ತಳವನ್ನು ಹಾಗೇ ಬಿಟ್ಟು ಪುಡಿ ಸುರಿದರೆ ಹಣ ನೀರಿಗೆ ಹಾಕಿದಂತೆ.