ಕಲ್ಲಾದ ಮೆದುಳು

ಮಗ ಲೆಕ್ಕ ತಪ್ಪಿದರೆ ‘ಗೂಬೆ!’ ಎಂದು ಗದರುವುದು ನಮ್ಮ ಮನೆಗಳಲ್ಲಿ ಉಂಟಷ್ಟೆ. ಹಕ್ಕಿಗೆ ಬುದ್ಧಿ ಕಡಿಮೆ ಎಂಬ ಈ ತೀರ್ಪಿಗೆ ಒಂದು ಕಾಲದಲ್ಲಿ ವಿಜ್ಞಾನದ ಮೊಹರೂ ಬಿದ್ದಿತ್ತು. ಒತ್ತಿದವರು ಜರ್ಮನಿಯ ಫ್ರಾಂಕ್‌ಫರ್ಟಿನ ನರಶಾಸ್ತ್ರಜ್ಞ ಲುಡ್ವಿಗ್ ಎಡಿಂಗರ್. ಹಕ್ಕಿಯ ಮುಮ್ಮೆದುಳಿನ ಬಹುಭಾಗ ಹುಟ್ಟುಗುಣದ ಕೆಲಸಗಳಿಗೆ ಮೀಸಲು, ಯೋಚನೆಗೆ ಬೇಕಾದ ಹೊರಪದರ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಅವರ ಅಭಿಪ್ರಾಯ. ಮೆದುಳಿನ ಭಾಗಗಳಿಗೆ ಅವರೂ ಅವರ ಹಾದಿ ಹಿಡಿದವರೂ ಅದಕ್ಕೆ ತಕ್ಕ ಹೆಸರುಗಳನ್ನೇ ಇಟ್ಟರು. 1918ರಲ್ಲಿ ಎಡಿಂಗರ್ ತೀರಿಕೊಂಡರು. ಹೆಸರುಗಳು ಪಠ್ಯಪುಸ್ತಕಗಳಲ್ಲಿ ಉಳಿದವು.

ಅವರ ಮಗಳು ಟಿಲ್ಲಿ ಎಡಿಂಗರ್ (1897–1967). ತಂದೆ ಇಂದಿನ ಪ್ರಾಣಿಗಳ ಮೆದುಳನ್ನು ಬಗೆದು ನೋಡಿದರೆ, ಮಗಳು ಕೋಟ್ಯಂತರ ವರ್ಷಗಳ ಹಿಂದೆ ಅಳಿದವುಗಳ ಮೆದುಳನ್ನು ಹುಡುಕಿದರು. ಮೆತ್ತನೆಯ ಮೆದುಳು ಕೊಳೆತುಹೋಗುತ್ತದಲ್ಲ, ಸಿಗುವುದು ಹೇಗೆ ಎಂದು ಓದುಗರು ಕೇಳಬಹುದು. ಖಾಲಿಯಾದ ಬುರುಡೆಯೊಳಗೆ ಕೆಸರು ತುಂಬಿ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಲ್ಲಾಗುತ್ತದೆ. ಮೊಸಳೆಯ ಮೆದುಳು ಬುರುಡೆಯಲ್ಲಿ ಸಡಿಲವಾಗಿ ಕೂತಿರುವುದರಿಂದ ಅಂಥ ಎರಕವನ್ನು ಪೂರ್ತಿ ನಂಬುವಂತಿಲ್ಲ. ಹಕ್ಕಿಯದು ಹಾಗಲ್ಲ, ಬುರುಡೆಗೆ ಒತ್ತಿಕೊಂಡೇ ಇರುವುದರಿಂದ ಅದರ ಉಬ್ಬುತಗ್ಗುಗಳು ಕಲ್ಲಿನಲ್ಲಿ ಮೂಡುತ್ತವೆ.

ಈ ವಿಷಯವಾಗಿ ಟಿಲ್ಲಿ 1929ರಲ್ಲಿ ಬರೆದ ಗ್ರಂಥದಿಂದ ಹೊಸ ಶಾಸ್ತ್ರವೊಂದು ಹುಟ್ಟಿತೆನ್ನಬಹುದು. ಆಕೆ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿ ಸಂಬಳವಿಲ್ಲದೆ ದುಡಿದವರು. ಯಹೂದಿಯಾದ್ದರಿಂದ 1933ರ ನಂತರ ಕದ್ದುಮುಚ್ಚಿ ಕೆಲಸ ಮಾಡಬೇಕಾಯಿತು. 1938ರ ನವೆಂಬರಿನಲ್ಲಿ ಅದೂ ನಿಂತಿತು. 1939ರಲ್ಲಿ ಲಂಡನ್ನಿಗೆ, ಮರುವರ್ಷ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ನೆಲೆ ಕಂಡರು.

1926ರಷ್ಟು ಹಿಂದೆಯೇ ಆಕೆ ಆರ್ಕಿಯಾಪ್ಟೆರಿಕ್ಸ್‌ನ ಮೆದುಳಿನ ಬಗ್ಗೆ ಬರೆದಿದ್ದರು. ಸುಮಾರು 15 ಕೋಟಿ ವರ್ಷ ಹಿಂದಿನ, ಹಲ್ಲೂ ಉದ್ದ ಬಾಲವೂ ಇದ್ದ ಹಕ್ಕಿ ಅದು. 1861ರಲ್ಲಿ ಬವೇರಿಯದ ಸುಣ್ಣಕಲ್ಲಿನಲ್ಲಿ ಬೆಳಕಿಗೆ ಬಂದು, ಮರುವರ್ಷ ಲಂಡನ್ನಿನ ಸಂಗ್ರಹಾಲಯಕ್ಕೆ ಮಾರಾಟವಾಗಿತ್ತು. ಕಲ್ಲಿನ ಮೇಲೆ ಕಾಣುವಷ್ಟನ್ನು ನೋಡಿ ಟಿಲ್ಲಿ, ಇದು ಸರೀಸೃಪದ ಬಗೆಯ ಮೆದುಳೇ ಎಂದರು.

ಇಲ್ಲಿ ಮಗಳೂ ಎಡವಿದರು. 2004ರಲ್ಲಿ ಅದೇ ಬುರುಡೆಗೆ ಸಿ.ಟಿ. ಸ್ಕ್ಯಾನ್ ಮಾಡಿದಾಗ ಒಳಗಿನದೆಲ್ಲ ಕಂಡಿತು. ಮೆದುಳಿನ ಗಾತ್ರ 1.6 ಮಿಲಿಲೀಟರ್, ಟೀ ಚಮಚೆಯ ಮೂರನೇ ಒಂದು ಪಾಲು. ಆದರೆ ನೋಟಕ್ಕೆ ಸಂಬಂಧಿಸಿದ ಭಾಗಗಳು ದೊಡ್ಡವು, ಸಮತೋಲ ಕಾಯುವ ಒಳಗಿವಿಯೂ ಹಕ್ಕಿಯ ಮಾದರಿಯದೇ. ಮುಮ್ಮೆದುಳು ಮಾತ್ರ ಇಂದಿನ ಹಕ್ಕಿಗಳಷ್ಟು ಹಿಗ್ಗಿರಲಿಲ್ಲ.

ಅದು ಯಾವಾಗ ಹಿಗ್ಗಿತು? ಬ್ರೆಜಿಲ್‌ನಲ್ಲಿ ಸಿಕ್ಕ ಸುಮಾರು 8 ಕೋಟಿ ವರ್ಷ ಹಿಂದಿನ ಪುಟ್ಟ ಹಕ್ಕಿಯೊಂದರ ಬುರುಡೆ ಸ್ವಲ್ಪ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ ಇಂಥ ಬುರುಡೆಗಳು ಹಪ್ಪಳದಂತೆ ಚಪ್ಪಟೆಯಾಗಿರುತ್ತವೆ. ಇದು ದುಂಡಗೆ ಉಳಿದಿತ್ತು. 2024ರಲ್ಲಿ ಇದಕ್ಕೆ ನವಾಆರ್ನಿಸ್ ಎಂದು ಹೆಸರಿಟ್ಟರು. ಇದರ ಮುಮ್ಮೆದುಳು ಆರ್ಕಿಯಾಪ್ಟೆರಿಕ್ಸ್‌ಗಿಂತ ದೊಡ್ಡದು. ಹಿಮ್ಮೆದುಳಿನ ಭಾಗವಾದ ಅನುಮಸ್ತಿಷ್ಕ ಇನ್ನೂ ಚಿಕ್ಕದು. ಅಂದರೆ ಮೆದುಳಿನ ಭಾಗಗಳೆಲ್ಲ ಒಟ್ಟಿಗೆ ಬೆಳೆದವಲ್ಲ.

ತಂದೆಯ ಹೆಸರುಗಳ ಗತಿ ಏನಾಯಿತು? 2002ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಅವನ್ನು ಬದಲಿಸಲು ಒಪ್ಪಿದರು. ಹೊಸ ಹೆಸರುಗಳು 2004ರಲ್ಲಿ ಅಚ್ಚಾದವು. 2016ರಲ್ಲಿ ನರಕೋಶಗಳನ್ನೇ ಎಣಿಸಿ ನೋಡಿದರು. ಗಿಳಿ, ಕಾಗೆಗಳ ಮುಮ್ಮೆದುಳಿನಲ್ಲಿ ನರಕೋಶಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಅಷ್ಟೇ ತೂಕದ ಮೆದುಳಿರುವ ಕೋತಿ ಜಾತಿಯ ಪ್ರಾಣಿಗೂ ಅಷ್ಟಿಲ್ಲ.